ವರ್ಚುವಲ್ ಯಂತ್ರ ನಿರ್ವಹಣಾ ತಂತ್ರಾಂಶದ ಅಧಿಕಾರ ಏರಿಕೆ ದೋಷ ಮತ್ತು ಪ್ಯಾಚ್

ಒಂದು ಸರ್ವರಿನ ಮೇಲೆ ಹಲವು ವರ್ಚುವಲ್ ಯಂತ್ರಗಳನ್ನು ಸೃಷ್ಟಿಸಿ, ನಡೆಸಿ, ನಿಲ್ಲಿಸಿ, ಬೇರೆ ಸರ್ವರಿಗೆ ಸಾಗಿಸುವ ತಂತ್ರಾಂಶದಲ್ಲಿ, ಕಡಿಮೆ ಹಕ್ಕಿನ ಬಳಕೆದಾರನಿಗೆ ತನ್ನದಲ್ಲದ ಮೇಲಿನ ಹಕ್ಕು ದಕ್ಕುವಂತೆ ಮಾಡುವ ಲೋಪವೇ ಅಧಿಕಾರ ಏರಿಕೆ ದೋಷ. ಆ ಲೋಪವನ್ನು ಮುಚ್ಚಲು ತಯಾರಕರು ಹೊರಡಿಸುವ ತಿದ್ದುಪಡಿಗೆ ಪ್ಯಾಚ್ ಎಂದು ಹೆಸರು. ಈ ಲೇಖನದಲ್ಲಿ ಭೌತಿಕ ಸರ್ವರನ್ನು ಹೋಸ್ಟ್ ಎಂದೂ ಅದರೊಳಗಿನ ವರ್ಚುವಲ್ ಯಂತ್ರವನ್ನು ಗೆಸ್ಟ್ ಎಂದೂ ಲಿನಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಎಲ್ಲ ಹಕ್ಕೂ ಇರುವ ಖಾತೆಯನ್ನು ರೂಟ್ ಎಂದೂ ಕರೆದಿದೆ.

ಸಾಮಾನ್ಯ ಕಂಪ್ಯೂಟರಿನಲ್ಲಿ ಇಂಥ ದೋಷವಿದ್ದರೆ ಕೈತಪ್ಪುವುದು ಆ ಒಂದು ಕಂಪ್ಯೂಟರು. ನಿರ್ವಹಣಾ ತಂತ್ರಾಂಶದಲ್ಲಿದ್ದರೆ ಅದರ ಕೈಕೆಳಗಿನ ನೂರಾರು ಯಂತ್ರಗಳ ಡಿಸ್ಕು, ನೆನಪು, ಜಾಲ ಎಲ್ಲವೂ ಒಟ್ಟಿಗೆ ಕೈತಪ್ಪುತ್ತವೆ.

ಹಿನ್ನೆಲೆ

ಒಂದು ಯಂತ್ರವನ್ನು ಹಲವು ಯಂತ್ರಗಳಂತೆ ಹಂಚಿಕೊಡುವ ಪದ್ಧತಿ 1960ರ ದಶಕದ ಕೊನೆಯಲ್ಲಿ ಐಬಿಎಂ ಕಂಪನಿಯ ದೊಡ್ಡ ಕಂಪ್ಯೂಟರುಗಳಲ್ಲಿ ಮೊದಲಾಯಿತು. 1972ರಲ್ಲಿ ಪ್ರಕಟವಾದ ವಿಎಂ/370 ಅದಕ್ಕೆ ವಾಣಿಜ್ಯ ರೂಪ ಕೊಟ್ಟಿತು. 1974ರಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಇಂಥ ವ್ಯವಸ್ಥೆಗೆ ಇರಬೇಕಾದ ಲಕ್ಷಣಗಳನ್ನು ಗುರುತಿಸಿದರು. ಎಲ್ಲ ಸಂಪನ್ಮೂಲಗಳ ಹಿಡಿತ ನಿಯಂತ್ರಕ ತಂತ್ರಾಂಶದಲ್ಲೇ ಇರಬೇಕು, ಗೆಸ್ಟ್ ಅದನ್ನು ದಾಟಬಾರದು ಎಂಬುದು ಅವುಗಳಲ್ಲೊಂದು. ಅಧಿಕಾರ ಏರಿಕೆ ದೋಷ ಮುರಿಯುವುದು ಈ ಲಕ್ಷಣವನ್ನೇ.

ಸಾಮಾನ್ಯ ಸರ್ವರುಗಳಿಗೆ ಈ ತಂತ್ರ ಬಂದದ್ದು 1998ರಲ್ಲಿ ಸ್ಥಾಪನೆಯಾದ ವಿಎಂವೇರ್ ಕಂಪನಿಯಿಂದ. ಅದರ ಇಎಸ್‌ಎಕ್ಸ್ ಎಂಬ ಹೈಪರ್‌ವೈಸರ್, ಅಂದರೆ ಒಂದು ಯಂತ್ರವನ್ನು ಹಲವಾಗಿ ಹಂಚುವ ನಿಯಂತ್ರಕ ತಂತ್ರಾಂಶ, 2001ರಲ್ಲಿ ಬಂತು. ಹಲವು ಹೋಸ್ಟ್‌ಗಳನ್ನು ಒಂದೇ ಪರದೆಯಿಂದ ನಡೆಸುವ ವರ್ಚುವಲ್‌ಸೆಂಟರ್ 2003ರಲ್ಲಿ ಬಂದು ಮುಂದೆ ವಿಸೆಂಟರ್ ಎಂದಾಯಿತು. ಮುಕ್ತ ತಂತ್ರಾಂಶದ ಕಡೆ 2003ರಲ್ಲಿ ಜೆನ್ ಹೈಪರ್‌ವೈಸರ್, 2005ರಲ್ಲಿ ಲಿಬ್‌ವರ್ಟ್ ಎಂಬ ನಿರ್ವಹಣಾ ತಂತ್ರಾಂಶ, 2007ರಲ್ಲಿ ಲಿನಕ್ಸ್ ಕರ್ನಲ್ಲಿನ ಭಾಗವಾಗಿ ಕೆವಿಎಂ ಹೈಪರ್‌ವೈಸರ್ ಬಂದವು.

ಮೊದಲಿಗೆ ಒಂದು ಸರ್ವರಿಗೆ ಒಬ್ಬ ಅಡ್ಮಿನ್ ಇರುತ್ತಿದ್ದ. ಕೇಂದ್ರೀಕೃತ ನಿರ್ವಹಣೆ ಬಂದ ಮೇಲೆ ಕೇವಲ ನೋಡುವವರು, ಆನ್-ಆಫ್ ಮಾತ್ರ ಮಾಡಬಲ್ಲವರು, ಬ್ಯಾಕಪ್ ತೆಗೆಯುವವರು ಎಂದು ಹಕ್ಕುಗಳು ಹಂಚಿಹೋದವು. ಹಂಚಿಕೆ ಹೆಚ್ಚಿದಂತೆ ಕಾಯಬೇಕಾದ ಗಡಿಗಳೂ ಹೆಚ್ಚಿದವು.

ರಚನೆ

ಈ ತಂತ್ರಾಂಶದಲ್ಲಿ ಮೂರು ಪದರಗಳಿವೆ. ತಳದಲ್ಲಿ ಪ್ರೊಸೆಸರ್ ಮತ್ತು ನೆನಪನ್ನು ಹಂಚುವ ಹೈಪರ್‌ವೈಸರ್. ಅದರ ಮೇಲೆ ಆಜ್ಞೆಗಳನ್ನು ಪಡೆದು, ಕೇಳಿದವನ ಹಕ್ಕನ್ನು ಪರಿಶೀಲಿಸಿ ಜಾರಿಗೊಳಿಸುವ ನಿರ್ವಹಣಾ ಸೇವೆ. ಮೂರನೆಯದು ಗೆಸ್ಟ್ ಒಳಗೆ ಕೂತು ಗಡಿಯಾರ ಸರಿಪಡಿಸುವುದು, ವಿಳಾಸ ತಿಳಿಸುವುದು, ಯಾವ ಸೇವೆಗಳು ನಡೆಯುತ್ತಿವೆ ಎಂದು ವರದಿ ಮಾಡುವುದು ಮುಂತಾದ ಕೆಲಸ ಮಾಡುವ ಸಹಾಯಕ. ವಿಎಂವೇರ್ ಟೂಲ್ಸ್ ಮತ್ತು ಕ್ಯೂಇಎಂಯು ಗೆಸ್ಟ್ ಏಜೆಂಟ್ ಇದಕ್ಕೆ ಉದಾಹರಣೆಗಳು.

ಎರಡನೆಯ ಪದರವೇ ಹೆಚ್ಚು ಸೂಕ್ಷ್ಮ. ವಿಸೆಂಟರ್ ಇಂದು ಫೋಟಾನ್ ಎಂಬ ಲಿನಕ್ಸ್ ಆವೃತ್ತಿಯ ಮೇಲೆ ನಡೆಯುವ ಸಿದ್ಧ ವರ್ಚುವಲ್ ಯಂತ್ರ. ತಾನು ನಿರ್ವಹಿಸುವ ಯಂತ್ರಗಳ ನಡುವೆ ತಾನೂ ಒಂದಾಗಿ ಕೂತಿರುತ್ತದೆ. ಲಿಬ್‌ವರ್ಟ್ ಹೋಸ್ಟ್‌ನಲ್ಲೇ ರೂಟ್ ಹಕ್ಕಿನಿಂದ ನಡೆಯುವ ಸೇವೆ. ಡೆಬಿಯನ್ ಮತ್ತು ಉಬುಂಟು ವ್ಯವಸ್ಥೆಗಳಲ್ಲಿ ಲಿಬ್‌ವರ್ಟ್ ಗುಂಪಿಗೆ ಸೇರಿಸಿದ ಬಳಕೆದಾರನಿಗೆ ಪೂರ್ಣ ಸಂಪರ್ಕ ಸಿಗುತ್ತದೆ, ಮತ್ತು ಅದು ರೂಟ್ ಹಕ್ಕಿಗೆ ಸಮ. ಇದು ದೋಷವಲ್ಲ, ವಿನ್ಯಾಸ. ಓದಲು ಮಾತ್ರ ಎಂಬ ಸಂಪರ್ಕದಿಂದ ಅದೇ ಹಕ್ಕು ಸಿಕ್ಕರೆ ಮಾತ್ರ ದೋಷವೆನಿಸುತ್ತದೆ.

ಬಗೆಗಳು

ಪರಿಶೀಲನೆಯೇ ಇಲ್ಲದಿರುವುದು ಮೊದಲ ಬಗೆ. 2019ರ ಜೂನ್‌ನಲ್ಲಿ ಬಹಿರಂಗವಾದ ಸಿವಿಇ-2019-10161 (ಸಿವಿಇ ಎಂಬುದು ಬಹಿರಂಗವಾದ ದೋಷಗಳಿಗೆ ಕೊಡುವ ಗುರುತಿನ ಸಂಖ್ಯೆ) ಇದಕ್ಕೆ ಸ್ಪಷ್ಟ ಉದಾಹರಣೆ. ಉಳಿಸಿಟ್ಟ ಯಂತ್ರದ ವಿವರವನ್ನು ಓದಿಕೊಡುವ ಲಿಬ್‌ವರ್ಟ್ ಆಜ್ಞೆಯೊಂದನ್ನು ಓದಲು ಮಾತ್ರ ಹಕ್ಕಿದ್ದವರೂ ಕರೆಯಬಹುದಾಗಿತ್ತು. ಯಾವ ಕಡತವನ್ನು ಓದಬೇಕೆಂಬ ದಾರಿಯನ್ನೂ ಅವರೇ ಸೂಚಿಸಬಹುದಿತ್ತು. ಆದ್ದರಿಂದ ತಮಗೆ ಕಾಣಬಾರದ ಕಡತ ಇದೆಯೋ ಇಲ್ಲವೋ ಎಂದು ತಿಳಿಯಲೂ, ಮುಂದುವರಿದು ರೂಟ್ ಹಕ್ಕಿನ ಸೇವೆಯಿಂದ ತಮ್ಮ ಪ್ರೋಗ್ರಾಂ ನಡೆಸಲೂ ಅವಕಾಶವಿತ್ತು. ಓದಲು ಮಾತ್ರ ಸಂಪರ್ಕಕ್ಕೆ ಈ ಆಜ್ಞೆ ನಿಷಿದ್ಧ ಎಂಬ ಪರಿಶೀಲನೆ ಸೇರಿಸಿದ್ದೇ ಅದರ ಪ್ಯಾಚ್.

ಪರಿಶೀಲಿಸಿದ ಗಳಿಗೆಗೂ ಬಳಸಿದ ಗಳಿಗೆಗೂ ನಡುವೆ ಸಂಗತಿ ಬದಲಾಗುವುದು ಎರಡನೆಯ ಬಗೆ. 2013ರ ಸಿವಿಇ-2013-4311ರಲ್ಲಿ, ಸಂಪರ್ಕಿಸಿದವನಿಗೆ ಹಕ್ಕಿದೆಯೇ ಎಂದು ಲಿಬ್‌ವರ್ಟ್ ಪೋಲ್‌ಕಿಟ್ ಎಂಬ ಅನುಮತಿ ಸೇವೆಯನ್ನು ಕೇಳುವಾಗ ಪ್ರಕ್ರಿಯೆಯ ಸಂಖ್ಯೆಯೊಂದನ್ನೇ ಕೊಡುತ್ತಿತ್ತು. ಕಚೇರಿಯ ಸರದಿಯಲ್ಲಿ ಟೋಕನ್ ಸಂಖ್ಯೆ ಮಾತ್ರ ನೋಡಿ, ಟೋಕನ್ ಹಿಡಿದವರು ಬದಲಾದರೇ ಎಂದು ನೋಡದಿದ್ದ ಹಾಗೆ. ಆಕ್ರಮಣಕಾರನ ಪ್ರಕ್ರಿಯೆ ಕೇಳಿಕೆ ಸಲ್ಲಿಸಿ, ಉತ್ತರ ಬರುವ ಮುನ್ನ ಅದೇ ಸಂಖ್ಯೆಯಲ್ಲಿ ರೂಟ್ ಹಕ್ಕಿನ ಪ್ರೋಗ್ರಾಂ ಆಗಿ ಮಾರ್ಪಟ್ಟರೆ ಪೋಲ್‌ಕಿಟ್ ಒಪ್ಪಿಗೆ ಕೊಟ್ಟುಬಿಡುತ್ತಿತ್ತು. ಸಂಖ್ಯೆಯ ಜತೆ ಪ್ರಕ್ರಿಯೆ ಆರಂಭವಾದ ಸಮಯವನ್ನೂ ಬಳಕೆದಾರನ ಗುರುತನ್ನೂ ಸೇರಿಸಿ ಕಳಿಸುವಂತೆ ಅದನ್ನು ತಿದ್ದಲಾಯಿತು.

ಸಂರಚನೆಯ ಲೋಪ ಮೂರನೆಯದು. 2024ರ ಜೂನ್‌ನಲ್ಲಿ ಪ್ರಕಟವಾದ ಸಿವಿಇ-2024-37081ರಲ್ಲಿ ವಿಸೆಂಟರ್ ಸಂಕೇತದಲ್ಲಿ ನೆನಪಿನ ತಪ್ಪೇನೂ ಇರಲಿಲ್ಲ. ತಪ್ಪು ಇದ್ದದ್ದು ಬೇರೆಯವರ ಪರವಾಗಿ ಆಜ್ಞೆ ನಡೆಸಲು ಬಿಡುವ ಸೂಡೊ ಎಂಬ ಸಾಧನದ ನಿಯಮ ಕಡತದಲ್ಲಿ. ಸೂಡೊ ಸಾಮಾನ್ಯವಾಗಿ ಬಳಕೆದಾರನ ಪರಿಸರ ಚಲಕಗಳನ್ನು ಒರೆಸಿಹಾಕಿ ಆಜ್ಞೆ ನಡೆಸುತ್ತದೆ. ಇಲ್ಲಿ ಪೈಥಾನ್ ತನ್ನ ಗ್ರಂಥಾಲಯಗಳನ್ನು ಎಲ್ಲಿ ಹುಡುಕಬೇಕು ಎಂದು ಹೇಳುವಂಥ ಚಲಕಗಳನ್ನು ಉಳಿಸಿಕೊಳ್ಳಲು ಅನುಮತಿ ಇತ್ತು. ಕಡಿಮೆ ಹಕ್ಕಿನ ಸ್ಥಳೀಯ ಬಳಕೆದಾರ ಆ ಚಲಕವನ್ನು ತನ್ನ ಫೋಲ್ಡರಿನತ್ತ ತಿರುಗಿಸಿದರೆ ಅಲ್ಲಿಟ್ಟ ಸಂಕೇತ ರೂಟ್ ಹಕ್ಕಿನಲ್ಲಿ ನಡೆಯುತ್ತಿತ್ತು.

ಹೆಸರನ್ನು ನಂಬುವುದು ಇನ್ನೊಂದು ಬಗೆ. ಬಳಕೆದಾರರ ಮತ್ತು ಗುಂಪುಗಳ ಪಟ್ಟಿ ಇಡುವ ಆಕ್ಟಿವ್ ಡೈರೆಕ್ಟರಿಗೆ ಸೇರಿಸಿದ ಇಎಸ್‌ಎಕ್ಸ್‌ಐ (ಇಎಸ್‌ಎಕ್ಸ್‌ನ ಮುಂದಿನ ರೂಪ) ಹೋಸ್ಟ್, ‘ಇಎಸ್‌ಎಕ್ಸ್ ಅಡ್ಮಿನ್ಸ್’ ಎಂಬ ಗುಂಪಿನ ಸದಸ್ಯರಿಗೆಲ್ಲ ಪೂರ್ಣ ಹಕ್ಕು ಕೊಡುತ್ತಿತ್ತು. ಆ ಗುಂಪು ಡೈರೆಕ್ಟರಿಯಲ್ಲಿ ಮೊದಲಿನಿಂದ ಇರುತ್ತಿರಲಿಲ್ಲ, ಗುಂಪಿನ ಬದಲಾಗದ ಗುರುತನ್ನು ಹೋಸ್ಟ್ ನೋಡುತ್ತಲೂ ಇರಲಿಲ್ಲ, ಹೆಸರು ಹೊಂದಿದರೆ ಸಾಕಿತ್ತು. ಗುಂಪು ಸೃಷ್ಟಿಸುವಷ್ಟು ಹಕ್ಕು ಸಂಪಾದಿಸಿದ ಯಾರೇ ಆದರೂ ಆ ಹೆಸರಿನ ಗುಂಪು ಮಾಡಿ ತನ್ನನ್ನು ಸೇರಿಸಿಕೊಂಡರೆ ಹೋಸ್ಟ್‌ನ ಒಡೆಯನಾಗುತ್ತಿದ್ದ. ಸಿವಿಇ-2024-37085 ಎಂಬ ಈ ದೋಷವನ್ನು ಒತ್ತೆಹಣದ ತಂಡಗಳು ಬಳಸುತ್ತಿವೆ ಎಂದು 2024ರ ಜುಲೈ 29ರಂದು ಮೈಕ್ರೋಸಾಫ್ಟ್ ತಿಳಿಸಿತು. ತೀವ್ರತೆಯ ಅಂಕ 10ಕ್ಕೆ 6.8 ಮಾತ್ರ. ಅಂಕ ನೋಡಿ ಪ್ಯಾಚಿನ ಸರದಿ ನಿರ್ಧರಿಸುವ ಪದ್ಧತಿಯ ಮಿತಿ ಇಲ್ಲಿ ಕಾಣುತ್ತದೆ.

ಗೆಸ್ಟ್ ಒಳಗಿನ ಸಹಾಯಕನ ದೋಷ ಕೊನೆಯ ಬಗೆ. 2025ರ ಸೆಪ್ಟೆಂಬರ್ 29ರಂದು ಪ್ರಕಟವಾದ ಸಿವಿಇ-2025-41244 ವಿಎಂವೇರ್ ಟೂಲ್ಸ್ ಮತ್ತು ಏರಿಯಾ ಆಪರೇಷನ್ಸ್ ಎಂಬ ನಿಗಾ ತಂತ್ರಾಂಶಕ್ಕೆ ಸಂಬಂಧಿಸಿದ್ದು. ಗೆಸ್ಟ್‌ನಲ್ಲಿ ಯಾವ ವೆಬ್ ಸರ್ವರಿನ ಯಾವ ಆವೃತ್ತಿ ನಡೆಯುತ್ತಿದೆ ಎಂದು ತಿಳಿಯಲು ಟೂಲ್ಸ್‌ನ ಸ್ಕ್ರಿಪ್ಟೊಂದು ಪ್ರಕ್ರಿಯೆಗಳ ಪಟ್ಟಿಯಲ್ಲಿ ಪರಿಚಿತ ಹೆಸರನ್ನು ಹುಡುಕಿ, ಸಿಕ್ಕ ಕಡತವನ್ನು ಆವೃತ್ತಿ ಕೇಳುವ ಆಯ್ಕೆಯೊಂದಿಗೆ ಮೇಲಿನ ಹಕ್ಕಿನಲ್ಲಿ ನಡೆಸುತ್ತಿತ್ತು. ಹುಡುಕುವ ಮಾದರಿ ಸಡಿಲವಾಗಿತ್ತು. ಯಾರು ಬೇಕಾದರೂ ಬರೆಯಬಹುದಾದ ತಾತ್ಕಾಲಿಕ ಫೋಲ್ಡರಿನಲ್ಲಿ ವೆಬ್ ಸರ್ವರಿನ ಹೆಸರಿಟ್ಟ ಕಡತವೊಂದು ನಡೆಯುತ್ತಿದ್ದರೆ ಅದೂ ಹೊಂದಿಕೆಯಾಗುತ್ತಿತ್ತು, ಅದೂ ರೂಟ್ ಹಕ್ಕಿನಲ್ಲಿ ನಡೆಯುತ್ತಿತ್ತು. ಯುಎನ್‌ಸಿ5174 ಎಂದು ಗುರುತಿಸಲಾದ ತಂಡ ಇದನ್ನು 2024ರ ಅಕ್ಟೋಬರ್ ನಡುಭಾಗದಿಂದಲೇ ಬಳಸುತ್ತಿತ್ತೆಂದು ದೋಷವನ್ನು ಪತ್ತೆಹಚ್ಚಿದ ಎನ್‌ವಿಸೊ ಸಂಸ್ಥೆ ವರದಿ ಮಾಡಿತು.

ಗೆಸ್ಟ್‌ನಿಂದ ಹೋಸ್ಟ್‌ಗೆ ನುಸುಳುವ ದೋಷಗಳನ್ನು ಪ್ರತ್ಯೇಕ ವರ್ಗವೆಂದು ಎಣಿಸುವುದು ವಾಡಿಕೆ. 2015ರ ಮೇ ತಿಂಗಳಲ್ಲಿ ಬಹಿರಂಗವಾದ ವೆನಮ್, ಅಂದರೆ ಸಿವಿಇ-2015-3456, ಇವುಗಳಲ್ಲಿ ಪ್ರಸಿದ್ಧ. ಅದು ಇದ್ದದ್ದು, ಗೆಸ್ಟ್‌ಗೆ ಬೇಕಾದ ಸಾಧನಗಳನ್ನು ಅನುಕರಿಸಿ ಕೊಡುವ ಕ್ಯೂಇಎಂಯು ತಂತ್ರಾಂಶದೊಳಗೆ ಬಳಕೆ ತಪ್ಪಿಹೋದ ಫ್ಲಾಪಿ ಡ್ರೈವನ್ನು ಅನುಕರಿಸುವ ಸಂಕೇತದಲ್ಲಿ.

ಪ್ಯಾಚ್ ಸಿದ್ಧವಾಗುವ ಬಗೆ

ದೋಷ ಕಂಡವರು ಮೊದಲು ತಯಾರಕರಿಗೆ ಗುಟ್ಟಾಗಿ ತಿಳಿಸುವುದು ರೂಢಿ. ದೋಷಕ್ಕೆ ಸಿವಿಇ ಸಂಖ್ಯೆಯೂ 10ರೊಳಗಿನ ತೀವ್ರತೆಯ ಅಂಕವೂ ಸಿಗುತ್ತವೆ. ತಿದ್ದುಪಡಿ ಸಿದ್ಧವಾದ ದಿನ ಪ್ಯಾಚ್ ಮತ್ತು ಪ್ರಕಟಣೆ ಸಾಮಾನ್ಯವಾಗಿ ಒಟ್ಟಿಗೆ ಹೊರಬೀಳುತ್ತವೆ. ಅಂದಿನಿಂದ ಪ್ಯಾಚ್ ಎಲ್ಲರ ಕೈಗೂ ಸಿಗುವುದರಿಂದ, ಹಳೆಯ ಮತ್ತು ಹೊಸ ಆವೃತ್ತಿಗಳನ್ನು ಹೋಲಿಸಿ ದೋಷ ಎಲ್ಲಿತ್ತೆಂದು ಆಕ್ರಮಣಕಾರರೂ ಕಂಡುಕೊಳ್ಳಬಹುದು.

ಹೊರಟ ಪ್ಯಾಚ್ ಸರಿಯಾಗಿಯೇ ಇರುತ್ತದೆ ಎನ್ನುವಂತಿಲ್ಲ. 2024ರ ವಿಸೆಂಟರ್ ಪ್ರಕರಣ ಇದನ್ನು ತೋರಿಸುತ್ತದೆ. ಚೀನಾದಲ್ಲಿ ನಡೆದ ಮ್ಯಾಟ್ರಿಕ್ಸ್ ಕಪ್ ಸ್ಪರ್ಧೆಯಲ್ಲಿ ಟಿಝಡ್‌ಎಲ್ ತಂಡ ಎರಡು ದೋಷಗಳನ್ನು ಕಂಡುಹಿಡಿಯಿತು. ಸಿವಿಇ-2024-38812 ಜಾಲದ ಮೂಲಕ ಬಂದ ಪೊಟ್ಟಣ ನೆನಪಿನ ಮಿತಿ ಮೀರಿ ಬರೆಯಲು ಬಿಡುವ ದೋಷ, ಅಂಕ 9.8. ಸಿವಿಇ-2024-38813 ರೂಟ್ ಹಕ್ಕಿಗೆ ಏರಿಸುವ ದೋಷ, ಅಂಕ 7.5. ಸೆಪ್ಟೆಂಬರ್ 17ರಂದು 8.0 ಯು3ಬಿ ಮತ್ತು 7.0 ಯು3ಎಸ್ ಆವೃತ್ತಿಗಳಲ್ಲಿ ಪ್ಯಾಚ್ ಬಂತು. ಮೊದಲ ದೋಷ ಅದರಿಂದ ಪೂರ್ತಿ ಮುಚ್ಚಿಲ್ಲ ಎಂದು ಗೊತ್ತಾಗಿ ಅಕ್ಟೋಬರ್ 21ರಂದು 8.0 ಯು3ಡಿ, 8.0 ಯು2ಇ, 7.0 ಯು3ಟಿ ಎಂಬ ಹೊಸ ಆವೃತ್ತಿಗಳನ್ನು ಹೊರಡಿಸಬೇಕಾಯಿತು. ನವೆಂಬರ್ 18ರಂದು ಎರಡೂ ದೋಷಗಳ ದುರ್ಬಳಕೆ ನಡೆದಿದೆ ಎಂದು ತಯಾರಕರು ಖಚಿತಪಡಿಸಿದರು. ಎರಡು ದಿನದ ಬಳಿಕ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಅವನ್ನು ದುರ್ಬಳಕೆಯಾಗುತ್ತಿರುವ ದೋಷಗಳ ಪಟ್ಟಿಗೆ ಸೇರಿಸಿತು. ಸೆಪ್ಟೆಂಬರಿನಲ್ಲೇ ಶ್ರದ್ಧೆಯಿಂದ ಪ್ಯಾಚ್ ಹಾಕಿ ಕಡತ ಮುಚ್ಚಿದ ಕಚೇರಿಗಳು ಅಕ್ಟೋಬರಿನಲ್ಲಿ ಮತ್ತೆ ಹಾಕಬೇಕಿತ್ತು.

ಇನ್ನೂ ದೀರ್ಘವಾಗಿ ಎಳೆದದ್ದು ಸಿವಿಇ-2021-22048. ವಿಂಡೋಸ್ ದೃಢೀಕರಣವನ್ನು ವಿಸೆಂಟರ್‌ಗೆ ಬೆಸೆಯುವ ಭಾಗದಲ್ಲಿದ್ದ ಈ ಅಧಿಕಾರ ಏರಿಕೆ ದೋಷವನ್ನು ಕ್ರೌಡ್‌ಸ್ಟ್ರೈಕ್ ಸಂಶೋಧಕರು ಕಂಡುಹಿಡಿದರು, ಪ್ರಕಟಣೆ ಬಂದದ್ದು 2021ರ ನವೆಂಬರ್ 10ರಂದು. ಪ್ಯಾಚ್ ಬಂದದ್ದು 2022ರ ಜುಲೈನಲ್ಲಿ. ಅದು ದೋಷವನ್ನು ಸರಿಪಡಿಸದೆ, ಹಾಕುವಾಗ ಲಾಗಿನ್ ಟೋಕನ್ ಕೊಡುವ ಸೇವೆಯನ್ನೇ ಕೆಡಿಸುತ್ತಿದ್ದುದರಿಂದ 11 ದಿನಗಳಲ್ಲಿ ಹಿಂತೆಗೆದುಕೊಳ್ಳಲಾಯಿತು. ಆ ವರ್ಷದ ಅಕ್ಟೋಬರಿನಲ್ಲೂ ದೋಷ ಹಾಗೆಯೇ ಇತ್ತು.

ಹಾಕುವ ಕ್ರಮ

ನಿರ್ವಹಣಾ ಸರ್ವರು ಮೊದಲು, ಹೋಸ್ಟ್‌ಗಳು ಆಮೇಲೆ, ಗೆಸ್ಟ್ ಸಹಾಯಕಗಳು ಕೊನೆಗೆ. ಇದು ವಿಎಂವೇರ್ ಪರಿಸರದ ಸಾಮಾನ್ಯ ಕ್ರಮ. ವಿಸೆಂಟರ್‌ನ ಸಂರಚನೆಯ ಬ್ಯಾಕಪ್ ತೆಗೆದು, ಅದನ್ನು ಆರಿಸಿ ಸ್ನ್ಯಾಪ್‌ಶಾಟ್, ಅಂದರೆ ಹಿಂದಿರುಗಬಹುದಾದ ಆ ಗಳಿಗೆಯ ಸ್ಥಿತಿ, ಇಟ್ಟುಕೊಂಡು ಪ್ಯಾಚ್ ಹಾಕಲಾಗುತ್ತದೆ. ಹಲವು ವಿಸೆಂಟರ್‌ಗಳು ಒಂದಕ್ಕೊಂದು ಬೆಸೆದುಕೊಂಡಿದ್ದರೆ ಎಲ್ಲವನ್ನೂ ಆರಿಸಿದ ಸ್ಥಿತಿಯಲ್ಲೇ ಒಟ್ಟಿಗೆ ಸ್ನ್ಯಾಪ್‌ಶಾಟ್ ತೆಗೆಯಬೇಕು. ಒಂದನ್ನಷ್ಟೇ ಹಿಂದಿನ ಸ್ಥಿತಿಗೆ ತಂದರೆ ಅವುಗಳ ದಾಖಲೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಕೆಲಸ ಮುಗಿದ ಮೇಲೆ ಸ್ನ್ಯಾಪ್‌ಶಾಟ್ ಅಳಿಸುವುದೂ ಕ್ರಮದ ಭಾಗವೇ. ಮರೆತರೆ ಅದು ಬೆಳೆಯುತ್ತಾ ಡಿಸ್ಕ್ ತುಂಬುತ್ತದೆ.

ವಿಸೆಂಟರ್ ನಿಂತಿರುವಾಗ ಅದರ ಕೈಕೆಳಗಿನ ಯಂತ್ರಗಳು ನಿಲ್ಲುವುದಿಲ್ಲ. ನಿಲ್ಲುವುದು ಆಡಳಿತ ಮಾತ್ರ. ಹೊಸ ಯಂತ್ರ ಸೃಷ್ಟಿ, ಸ್ಥಳಾಂತರ, ಅನುಮತಿ ಬದಲಾವಣೆ ಆ ಹೊತ್ತಿಗೆ ಆಗುವುದಿಲ್ಲ. ಹೋಸ್ಟ್‌ಗೆ ಪ್ಯಾಚ್ ಹಾಕುವಾಗ ಅದರ ಮೇಲಿನ ಯಂತ್ರಗಳನ್ನು ಚಾಲನೆಯಲ್ಲಿರುವಂತೆಯೇ ಪಕ್ಕದ ಹೋಸ್ಟ್‌ಗೆ ಸಾಗಿಸಿ, ಖಾಲಿಯಾದ ಹೋಸ್ಟ್ ಅನ್ನು ನಿರ್ವಹಣಾ ಸ್ಥಿತಿಗೆ ತಂದು ರೀಬೂಟ್ ಮಾಡಲಾಗುತ್ತದೆ. ಇದಕ್ಕೆ ಕನಿಷ್ಠ ಒಂದು ಹೋಸ್ಟ್‌ನಷ್ಟು ಸಾಮರ್ಥ್ಯ ಬಿಡುವಾಗಿರಬೇಕು. ಎರಡೇ ಹೋಸ್ಟ್‌ಗಳನ್ನು ಭರ್ತಿ ತುಂಬಿಸಿಕೊಂಡ ಸಣ್ಣ ಕಚೇರಿಗಳಿಗೆ ಸೇವೆ ನಿಲ್ಲಿಸದೆ ಬೇರೆ ದಾರಿಯಿಲ್ಲ.

ಕೆವಿಎಂ ಹೋಸ್ಟ್‌ಗಳಲ್ಲಿ ಪ್ಯಾಕೇಜ್ ನವೀಕರಿಸಿ ಲಿಬ್‌ವರ್ಟ್ ಸೇವೆಯನ್ನು ಮರುಚಾಲನೆ ಮಾಡಿದರೆ ಲಿಬ್‌ವರ್ಟ್ ದೋಷ ಮುಚ್ಚುತ್ತದೆ. ಪ್ರತಿ ಗೆಸ್ಟ್ ತನ್ನದೇ ಕ್ಯೂಇಎಂಯು ಪ್ರಕ್ರಿಯೆಯಾಗಿ ನಡೆಯುವುದರಿಂದ ಗೆಸ್ಟ್‌ಗಳು ನಿಲ್ಲುವುದಿಲ್ಲ. ಆದರೆ ದೋಷ ಕ್ಯೂಇಎಂಯುನಲ್ಲೇ ಇದ್ದರೆ ಇದೇ ಸಂಗತಿ ತೊಡಕಾಗುತ್ತದೆ. ಡಿಸ್ಕಿನಲ್ಲಿ ಹೊಸ ಕಡತ ಬಂದಿದ್ದರೂ ನಡೆಯುತ್ತಿರುವ ಗೆಸ್ಟ್‌ನ ನೆನಪಿನಲ್ಲಿ ಹಳೆಯ ಸಂಕೇತವೇ ಉಳಿದಿರುತ್ತದೆ. ಗೆಸ್ಟ್ ಒಳಗಿನಿಂದ ರೀಬೂಟ್ ಮಾಡಿದರೂ ಆ ಪ್ರಕ್ರಿಯೆ ಬದಲಾಗುವುದಿಲ್ಲ. ಯಂತ್ರವನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಬೇಕು, ಇಲ್ಲವೇ ಪ್ಯಾಚ್ ಆದ ಹೋಸ್ಟ್‌ಗೆ ಸಾಗಿಸಬೇಕು. ಪ್ಯಾಕೇಜ್ ಪಟ್ಟಿಯಲ್ಲಿ ಹೊಸ ಆವೃತ್ತಿ ಕಂಡು ಕೆಲಸ ಮುಗಿಯಿತೆಂದು ಬಗೆಯುವ ತಪ್ಪು ಇಲ್ಲಿ ಸುಲಭ.

ಗೆಸ್ಟ್ ಸಹಾಯಕದ ಪ್ಯಾಚನ್ನು ಪ್ರತಿ ಗೆಸ್ಟ್ ಒಳಗೂ ಹಾಕಬೇಕು. ಲಿನಕ್ಸ್‌ನಲ್ಲಿ ಟೂಲ್ಸ್‌ನ ಮುಕ್ತ ಆವೃತ್ತಿ ಆಯಾ ಲಿನಕ್ಸ್ ವಿತರಕರಿಂದಲೇ ಬರುತ್ತದೆ. ಅದು ಹೋಸ್ಟ್ ನೋಡಿಕೊಳ್ಳುವವರ ಹೊಣೆಯೋ ಗೆಸ್ಟ್ ಬಳಸುವ ಇಲಾಖೆಯ ಹೊಣೆಯೋ ಎಂಬ ಪ್ರಶ್ನೆ ಮೊದಲೇ ತೀರ್ಮಾನವಾಗಿಲ್ಲದಿದ್ದರೆ ಇಬ್ಬರೂ ಮಾಡುವುದಿಲ್ಲ.

ಪ್ಯಾಚ್ ಇಲ್ಲದಾಗ

ಪ್ಯಾಚ್ ಬರುವವರೆಗೆ, ಅಥವಾ ಬಾರದೆಯೇ ಹೋದಾಗ, ಸಂರಚನೆ ಬದಲಿಸಿ ದೋಷದ ದಾರಿ ಮುಚ್ಚಲಾಗುತ್ತದೆ. ಸಿವಿಇ-2021-22048ಕ್ಕೆ ಸೂಚಿಸಿದ ಉಪಾಯ ದೃಢೀಕರಣ ವಿಧಾನವನ್ನೇ ಬದಲಿಸುವುದು. ‘ಇಎಸ್‌ಎಕ್ಸ್ ಅಡ್ಮಿನ್ಸ್’ ದೋಷಕ್ಕೆ ಪ್ಯಾಚ್ ಸಿಕ್ಕಿದ್ದು ಇಎಸ್‌ಎಕ್ಸ್‌ಐ 8.0 ಯು3ರಲ್ಲಿ. 7.0 ಆವೃತ್ತಿಗೆ ಪ್ಯಾಚ್ ಕೊಡುವುದಿಲ್ಲವೆಂದು ತಯಾರಕರು ಹೇಳಿ, ಗುಂಪನ್ನು ತಾನಾಗಿ ಸೇರಿಸಿಕೊಳ್ಳುವ ಆಯ್ಕೆಯನ್ನು ನಿಲ್ಲಿಸಲು ಸೂಚಿಸಿದರು. ಸೂಡೊ ದೋಷಕ್ಕೆ ಇಂಥ ಉಪಾಯವೇ ಇರಲಿಲ್ಲ. ನಿರ್ವಹಣಾ ಜಾಲವನ್ನು ಕಚೇರಿಯ ಸಾಮಾನ್ಯ ಜಾಲದಿಂದ ಬೇರ್ಪಡಿಸುವುದು ಎಲ್ಲ ಸಂದರ್ಭಕ್ಕೂ ಹೇಳುವ ಸಲಹೆ. ಆದರೆ ಗೆಸ್ಟ್ ಒಳಗಿನ ದೋಷಕ್ಕೆ ಅದು ನೆರವಾಗದು.

ಕರ್ನಾಟಕದಲ್ಲಿ

ಈ ತಂತ್ರಾಂಶಗಳ ತಯಾರಿಕೆಯಲ್ಲಿ ಬೆಂಗಳೂರಿನ ಪಾಲು ದೊಡ್ಡದು. ವಿಎಂವೇರ್, ನ್ಯೂಟಾನಿಕ್ಸ್, ರೆಡ್ ಹ್ಯಾಟ್ ಕಂಪನಿಗಳ ಅಭಿವೃದ್ಧಿ ಕೇಂದ್ರಗಳು ಇಲ್ಲಿವೆ. ಬಳಕೆಯ ಕಡೆ, ರಾಜ್ಯದ ಇ-ಆಡಳಿತ ಸೇವೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರವನ್ನು ನೆಚ್ಚಿಕೊಂಡಿವೆ. 2000ದ ಸುಮಾರಿಗೆ ತಾಲ್ಲೂಕು ಕಚೇರಿಗಳ ಕಂಪ್ಯೂಟರುಗಳಲ್ಲಿ ಆರಂಭವಾದ ಭೂಮಿ ಯೋಜನೆಯ ಪಹಣಿಗಳು ಮುಂದೆ ಒಂದೇ ಕಡೆ ಸೇರಿದವು. ಬಂಡೀಪುರದ ಅಂಚಿನಲ್ಲಿ, ಮೈಸೂರು–ಊಟಿ ಹೆದ್ದಾರಿಯ ಮೇಲಿರುವ ಗುಂಡ್ಲುಪೇಟೆ ತಾಲ್ಲೂಕಿನ ಹಂಗಳ ಹೋಬಳಿಯ ನಾಡಕಚೇರಿಯಲ್ಲಿ ಪಹಣಿಗೋ ಜಾತಿ–ಆದಾಯ ಪ್ರಮಾಣಪತ್ರಕ್ಕೋ ಬಂದವರಿಗೆ ಕಾಣುವುದು ಒಂದು ಕಂಪ್ಯೂಟರು, ಒಂದು ಪ್ರಿಂಟರು. ದಾಖಲೆ ಇರುವುದು ಅಲ್ಲಲ್ಲ.

ಇಂಥ ಸೇವೆ ವರ್ಚುವಲ್ ಯಂತ್ರದಲ್ಲಿ ನಡೆಯುತ್ತಿದ್ದರೆ, ಮೇಲೆ ಹೇಳಿದ ಕ್ರಮದಲ್ಲಿ ಹಾಕಿದ ಪ್ಯಾಚ್ ಹೋಬಳಿಯ ಕೌಂಟರಿಗೆ ತಿಳಿಯುವುದೇ ಇಲ್ಲ. ನಿರ್ವಹಣಾ ಸರ್ವರು ಮರುಚಾಲನೆಯಾಗುವ ಹೊತ್ತಿನಲ್ಲೂ ಪಹಣಿ ಮುದ್ರಣವಾಗುತ್ತದೆ. ಹಾಕದೆ ಬಿಟ್ಟ ಪ್ಯಾಚೂ ಅಷ್ಟೇ ಅಗೋಚರ. ಕೌಂಟರಿನಲ್ಲಿ ಕೇಳಿಬರುವ ‘ಸರ್ವರ್ ಇಲ್ಲ’ ಎಂಬ ಮಾತಿನಿಂದ ಎರಡರಲ್ಲಿ ಯಾವುದನ್ನೂ ಊಹಿಸಲಾಗದು.

ಮಾಹಿತಿ ತಂತ್ರಜ್ಞಾನ ಕಾಯ್ದೆಯ 70ಬಿ ವಿಧಿಯಡಿ ದೋಷಗಳ ಎಚ್ಚರಿಕೆ ಹೊರಡಿಸುವ ರಾಷ್ಟ್ರೀಯ ಸಂಸ್ಥೆ ಸರ್ಟ್-ಇನ್. ಅದರ 2022ರ ಏಪ್ರಿಲ್ 28ರ ನಿರ್ದೇಶನದಂತೆ ಸೈಬರ್ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ವ್ಯವಸ್ಥೆಯ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಪ್ಯಾಚ್ ಹಾಕಿದ ಮಾತ್ರಕ್ಕೆ ಮೊದಲೇ ಒಳಬಂದವರು ಹೊರಹೋಗುವುದಿಲ್ಲವಾದ್ದರಿಂದ ಹಳೆಯ ಲಾಗ್‌ಗಳನ್ನು ತಡಕುವುದು ಪ್ಯಾಚಿನ ನಂತರದ ಅಗತ್ಯ ಕೆಲಸ. ವಿಎಂವೇರ್ ಟೂಲ್ಸ್ ದೋಷ ಪ್ಯಾಚಿಗೆ ಹನ್ನೊಂದು ತಿಂಗಳು ಮುಂಚಿನಿಂದ ಬಳಕೆಯಲ್ಲಿತ್ತು. ನಿಯಮದ ಕನಿಷ್ಠ ಅವಧಿಯಷ್ಟೇ ಲಾಗ್ ಇಟ್ಟವರಿಗೆ ಆ ಕಾಲದ ಸುಮಾರು ಅರ್ಧದಷ್ಟು ಮಾತ್ರ ಸಿಗುತ್ತದೆ.

ರಾಜ್ಯದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಆಧಾರವಾಗಿಟ್ಟುಕೊಂಡ ಸೈಸೆಕ್ ಎಂಬ ಸೈಬರ್ ಭದ್ರತಾ ಉತ್ಕೃಷ್ಟತಾ ಕೇಂದ್ರವಿದೆ. 2024ರಲ್ಲಿ ರಾಜ್ಯ ಸರ್ಕಾರ ಸೈಬರ್ ಭದ್ರತಾ ನೀತಿಯನ್ನು ಪ್ರಕಟಿಸಿತು.

ಈಗಿನ ಸ್ಥಿತಿ

2023ರ ನವೆಂಬರ್ 22ರಂದು ಬ್ರಾಡ್‌ಕಾಮ್ ವಿಎಂವೇರನ್ನು ಕೊಂಡುಕೊಂಡ ಮೇಲೆ ಪ್ಯಾಚ್ ಪಡೆಯುವ ದಾರಿ ಬದಲಾಗಿದೆ. ಶಾಶ್ವತ ಪರವಾನಗಿಗಳ ಮಾರಾಟ ನಿಂತು ಚಂದಾ ಪದ್ಧತಿ ಬಂದಿದೆ. 2025ರಿಂದ ಪ್ಯಾಚ್ ಇಳಿಸಿಕೊಳ್ಳಲು ಗ್ರಾಹಕರಿಗೆ ಪ್ರತ್ಯೇಕ ಟೋಕನ್ ಬೇಕು, ಹಳೆಯ ವಿಳಾಸಗಳನ್ನು ನೆಚ್ಚಿದ್ದ ಸ್ವಯಂಚಾಲಿತ ವ್ಯವಸ್ಥೆಗಳನ್ನು ಬದಲಿಸಬೇಕಾಯಿತು. ಬೆಂಬಲ ಅವಧಿಯೊಳಗಿನ ಆವೃತ್ತಿಗಳನ್ನು ಹಳೆಯ ಪರವಾನಗಿಯಲ್ಲಿ ನಡೆಸುವವರಿಗೂ ಅತಿ ಗಂಭೀರ ದೋಷಗಳ ಪ್ಯಾಚ್ ಕೊಡುವುದಾಗಿ ಕಂಪನಿ 2024ರ ಏಪ್ರಿಲ್‌ನಲ್ಲಿ ಹೇಳಿತು. ಅಧಿಕಾರ ಏರಿಕೆ ದೋಷಗಳ ಅಂಕ ಬಹುಮಟ್ಟಿಗೆ ಆ ಗಂಭೀರ ಮಟ್ಟಕ್ಕಿಂತ ಕೆಳಗೇ ಇರುತ್ತದೆ.

ಕೆವಿಎಂ ಆಧಾರಿತ ಪ್ರಾಕ್ಸ್‌ಮಾಕ್ಸ್, ನ್ಯೂಟಾನಿಕ್ಸ್ ಮತ್ತು ಓಪನ್‌ಸ್ಟ್ಯಾಕ್ ವ್ಯವಸ್ಥೆಗಳು ಬದಲಿಯಾಗಿ ಬಳಕೆಗೆ ಬರುತ್ತಿವೆ. ಲಿಬ್‌ವರ್ಟ್‌ನಲ್ಲಿ ಒಂದೇ ದೊಡ್ಡ ಸೇವೆಯನ್ನು ಒಡೆದು ಡಿಸ್ಕು, ಜಾಲ, ಗೆಸ್ಟ್ ಚಾಲನೆ ಇವಕ್ಕೆ ಬೇರೆಬೇರೆ ಸೇವೆಗಳನ್ನು ಮಾಡಲಾಗಿದೆ. ಇಎಸ್‌ಎಕ್ಸ್‌ಐ ಮತ್ತು ವಿಸೆಂಟರ್ ಎರಡೂ ಸೇರಿದ ವಿಸ್ಫಿಯರ್‌ನ 7.0 ಆವೃತ್ತಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 2ರಂದು ಮುಗಿಯಿತು. ‘ಇಎಸ್‌ಎಕ್ಸ್ ಅಡ್ಮಿನ್ಸ್’ ದೋಷಕ್ಕೆ ಪ್ಯಾಚ್ ಸಿಗದೆ ಉಳಿದದ್ದು ಈ ಪೀಳಿಗೆಯ ಹೋಸ್ಟ್‌ಗಳಿಗೇ.